ಮಲೇಷ್ಯಾದ ‘ಬಿ ಫಾರಂ’ ಯಾರ ಕೈಯಲ್ಲಿ?

ಕ್ವಾಲಾಲಂಪುರ: 2023ರ ನವೆಂಬರ್ 26. ಆಡಳಿತ ನಗರಿ ಪುತ್ರಜಯದಲ್ಲಿ ಪ್ರಧಾನಿ ಅನ್ವರ್ ಇಬ್ರಾಹಿಂ ತಮ್ಮ ಪಕ್ಷ ಪಿಕೆಆರ್‌ನ ಮಹಾಅಧಿವೇಶನದಲ್ಲಿ ಮಾತನಾಡುತ್ತಿದ್ದರು. ಭಾರತ ಮತ್ತು ಚೀನಾದ ಪ್ರಜೆಗಳು ಡಿಸೆಂಬರ್ 1ರಿಂದ ವೀಸಾ ಇಲ್ಲದೆ 30 ದಿನಗಳವರೆಗೆ ಮಲೇಷ್ಯಾದಲ್ಲಿ ತಂಗಬಹುದು ಎಂದು ಅವರು ಘೋಷಿಸಿದ್ದು ಅದೇ ವೇದಿಕೆಯಿಂದ. ಅಂದಿನಿಂದ ಮಂಗಳೂರಿನ ತಾಯಿ, ದಾವಣಗೆರೆಯ ಮಾವ, ಕಲಬುರಗಿಯ ಅಣ್ಣ ಮಗ-ಮಗಳನ್ನು ನೋಡಲು ಇಲ್ಲಿಗೆ ಬರುವುದು ಸಲೀಸಾಯಿತು. ಸಂಸತ್ತಿನಲ್ಲಾಗಲಿ, ಸಚಿವಾಲಯದಲ್ಲಾಗಲಿ ಹೇಳದೆ ಪಕ್ಷದ ಸಭೆಯಲ್ಲಿ ಹೇಳಿದ ಒಂದು ಮಾತು ನಮ್ಮ ನೂರಾರು ಮನೆಗಳಿಗೆ ನೇರವಾಗಿ ತಟ್ಟಿತು.

ಮಲೇಷ್ಯಾದಲ್ಲಿ ದುಡಿಯುವ ಭಾರತೀಯರಿಗೆ ಇಲ್ಲಿ ಮತದಾನದ ಹಕ್ಕಿಲ್ಲ. ‘ಇವರ ಪಕ್ಷದೊಳಗಿನ ಚುನಾವಣೆ ಕಟ್ಟಿಕೊಂಡು ನಮಗೇನು’ ಎಂದು ಕೇಳುವವರು ಇದ್ದಾರೆ. ಪ್ರಶ್ನೆ ಸಹಜವೇ. ಆದರೆ ಪರ್ಮಿಟ್ ಕೊಡುವ ಗೃಹ ಖಾತೆ, ಕನಿಷ್ಠ ವೇತನ ನೋಡಿಕೊಳ್ಳುವ ಮಾನವ ಸಂಪನ್ಮೂಲ ಖಾತೆ ಯಾರ ಕೈಗೆ ಹೋಗುತ್ತದೆ ಎಂಬುದು ಸಾರ್ವತ್ರಿಕ ಚುನಾವಣೆಯ ದಿನವೊಂದರಲ್ಲೇ ತೀರ್ಮಾನವಾಗುವುದಿಲ್ಲ. ಅದರ ಅರ್ಧ ಲೆಕ್ಕ ಅದಕ್ಕೂ ಮೊದಲು ಪಕ್ಷಗಳ ಒಳಗೆ ಮುಗಿದಿರುತ್ತದೆ. ಹಾಲಿ ಸಂಸತ್ತಿನ ಅವಧಿ 2027ರ ಡಿಸೆಂಬರ್‌ಗೆ ಮುಗಿಯುತ್ತದೆ. 16ನೇ ಸಾರ್ವತ್ರಿಕ ಚುನಾವಣೆ ಹೆಚ್ಚೆಂದರೆ 2028ರ ಆರಂಭದೊಳಗೆ ನಡೆಯಲೇಬೇಕು. ಮಲಾಕ್ಕಾ, ಸರವಾಕ್, ಜೊಹೊರ್ ವಿಧಾನಸಭೆಗಳ ಅವಧಿ ಅದಕ್ಕೂ ಮೊದಲೇ ತೀರುತ್ತದೆ. ಹಾಗಾಗಿ ‘ಯಾರಿಗೆ ಟಿಕೆಟ್’ ಎಂಬ ಮಾತು ಇಲ್ಲಿನ ಕಾಫಿ ಅಂಗಡಿಗಳಲ್ಲಿ ನಿಲ್ಲುವಂತೆಯೇ ಇಲ್ಲ.

ಪ್ರೈಮರಿ ಎಂದರೇನು?

ಅಮೆರಿಕದಲ್ಲಿ ಮಕ್ಕಳಿರುವ ಮನೆಗಳಿಗೆ ‘ಪ್ರೈಮರಿ’ ಪದ ಹೊಸದಲ್ಲ. ಒಂದು ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂಬುದನ್ನು ಆ ಪಕ್ಷದ ಹೈಕಮಾಂಡ್ ಬದಲು ಮತದಾರರೇ ತೀರ್ಮಾನಿಸುವ ಮೊದಲ ಸುತ್ತು ಅದು. ಅಸಲಿ ಚುನಾವಣೆ ಆಮೇಲೆ. ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಅವರದು ಇದಕ್ಕೆ ಒಳ್ಳೆಯ ಉದಾಹರಣೆ. 2018ರಲ್ಲಿ ಮಿಷಿಗನ್ ರಾಜ್ಯದ ಗವರ್ನರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ ನಿಂತು ಮೂರನೆಯವರಾದರು. ಅಲ್ಲಿಗೇ ಅವರ ಆ ಓಟ ಮುಗಿಯಿತು. 2022ರ ಆಗಸ್ಟ್‌ನಲ್ಲಿ ಅದೇ ರಾಜ್ಯದ 13ನೇ ಸಂಸತ್ ಕ್ಷೇತ್ರದ ಪ್ರೈಮರಿಯಲ್ಲಿ ಹಲವರ ನಡುವೆ ಶೇ 28ರಷ್ಟು ಮತ ಪಡೆದು ಗೆದ್ದರು. ಆ ಕ್ಷೇತ್ರ ಡೆಮಾಕ್ರಟಿಕ್ ಕೋಟೆಯಾದ್ದರಿಂದ ನವೆಂಬರ್‌ನ ಚುನಾವಣೆ ಬಹುತೇಕ ಔಪಚಾರಿಕ. ಅಂದರೆ ಅವರನ್ನು ಸಂಸತ್ತಿಗೆ ಕಳುಹಿಸಿದ್ದು ವಾಸ್ತವದಲ್ಲಿ ಆಗಸ್ಟ್‌ನ ಆ ಶೇ 28.

ಕರ್ನಾಟಕಕ್ಕೂ ಇದರ ರುಚಿ ಒಮ್ಮೆ ಸಿಕ್ಕಿತ್ತು. 2014ರ ಲೋಕಸಭಾ ಚುನಾವಣೆಗೆ ರಾಹುಲ್ ಗಾಂಧಿ ದೇಶದ ಬೆರಳೆಣಿಕೆಯ ಕ್ಷೇತ್ರಗಳಲ್ಲಿ ಕಾಂಗ್ರೆಸ್ ಅಭ್ಯರ್ಥಿಯನ್ನು ಆಂತರಿಕ ಮತದಾನದಿಂದ ಆರಿಸುವ ಪ್ರಯೋಗ ಮಾಡಿದರು. ಅದರಲ್ಲಿ ನಮ್ಮ ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ ಎರಡೂ ಇದ್ದವು. ಮತ ಹಾಕಿದವರು ಪದಾಧಿಕಾರಿಗಳು ಮತ್ತು ಪಕ್ಷದ ಚುನಾಯಿತ ಪ್ರತಿನಿಧಿಗಳು, ಸಾಮಾನ್ಯ ಮತದಾರರಲ್ಲ. ಮಂಗಳೂರಿನಲ್ಲಿ ಬಿ.ಜನಾರ್ದನ ಪೂಜಾರಿ, ಬೆಂಗಳೂರು ಉತ್ತರದಲ್ಲಿ ಸಿ.ನಾರಾಯಣಸ್ವಾಮಿ ಗೆದ್ದರು. ಮುಖ್ಯ ಚುನಾವಣೆಯಲ್ಲಿ ಮೊದಲನೆಯವರು ನಳಿನ್ ಕುಮಾರ್ ಕಟೀಲ್ ಎದುರು, ಎರಡನೆಯವರು ಡಿ.ವಿ.ಸದಾನಂದ ಗೌಡರ ಎದುರು ದೊಡ್ಡ ಅಂತರದಲ್ಲಿ ಸೋತರು. ಆಮೇಲೆ ಹಳೆಯ ಪದ್ಧತಿಯೇ ಮರಳಿತು: ದೆಹಲಿಗೆ ಓಡಾಟ, ಪಟ್ಟಿ, ಕೊನೆಗೆ ಬಿ ಫಾರಂ.

ವತೀಕಾ ಎಂಬ ಕಾಗದ

ಮಲೇಷ್ಯಾದಲ್ಲೂ ಅಮೆರಿಕದಂಥ ಪ್ರೈಮರಿ ಇಲ್ಲ. ನಮ್ಮ ಬಿ ಫಾರಂಗೆ ಸಮನಾಗಿ ಇಲ್ಲಿ ‘ವತೀಕಾ’ ಎಂಬ ಅಧಿಕಾರ ಪತ್ರವಿದೆ. ಪಕ್ಷದ ಚಿಹ್ನೆಯಡಿ ಸ್ಪರ್ಧಿಸಲು ಅದು ಬೇಕೇ ಬೇಕು, ಕೊಡುವುದು ಪಕ್ಷದ ನಾಯಕತ್ವ. ನಾಮಪತ್ರದ ದಿನ ಬೆಳಿಗ್ಗೆ ಈ ಕಾಗದ ಯಾರ ಕೈಯಲ್ಲಿದೆಯೋ ಅವರೇ ಪಕ್ಷದ ಅಭ್ಯರ್ಥಿ. ಎಷ್ಟು ವರ್ಷ ಶಾಸಕರಾಗಿದ್ದರು, ಎಷ್ಟು ಜನ ಹಿಂದೆ ಇದ್ದಾರೆ ಎಂಬುದೆಲ್ಲ ಆಮೇಲಿನ ಮಾತು.

ಇದರ ಬಿಸಿ ಎಷ್ಟೆಂಬುದು 2022ರ ನವೆಂಬರ್ 19ರ ಚುನಾವಣೆಗೆ ಮೊದಲು ಕಂಡಿತು. ಅಮ್ನೊ ಅಧ್ಯಕ್ಷ ಅಹ್ಮದ್ ಜಾಹಿದ್ ಹಮೀದಿ ಹಲವು ಹಿರಿಯರಿಗೆ ಟಿಕೆಟ್ ತಪ್ಪಿಸಿದರು. ಪೆರ್ಲಿಸ್‌ನ ಅರಾವ್ ಕ್ಷೇತ್ರದ ಶಾಹಿದಾನ್ ಕಾಸಿಂ ಸುಮ್ಮನಾಗದೆ ಎದುರಾಳಿ ಪೆರಿಕತಾನ್ ನ್ಯಾಷನಲ್ ಮೈತ್ರಿಕೂಟದಿಂದ ನಿಂತು ಗೆದ್ದೇ ಬಿಟ್ಟರು. 2023ರಲ್ಲಿ ಬಿಜೆಪಿ ಟಿಕೆಟ್ ಸಿಗದೆ ಕಾಂಗ್ರೆಸ್‌ನಿಂದ ನಿಂತು ಅಥಣಿ ಗೆದ್ದ ಲಕ್ಷ್ಮಣ ಸವದಿ ಅವರನ್ನು ನೆನೆದರೆ ಸಾಕು, ಕಥೆ ಅರ್ಥವಾಗುತ್ತದೆ. ಎಲ್ಲರಿಗೂ ಆ ಅದೃಷ್ಟ ಇಲ್ಲ. ಅದೇ ಚುನಾವಣೆಯಲ್ಲಿ ಅದೇ ದಾರಿ ಹಿಡಿದ ಜಗದೀಶ ಶೆಟ್ಟರ್ ಹುಬ್ಬಳ್ಳಿಯಲ್ಲಿ ಸೋತಿದ್ದರು.

ಟಿಕೆಟ್ ತಪ್ಪಿಸುವುದಷ್ಟೇ ಅಲ್ಲ, ಕ್ಷೇತ್ರ ಬದಲಿಸುವುದೂ ಒಂದು ಅಸ್ತ್ರ. ಆಗಿನ ಆರೋಗ್ಯ ಸಚಿವ, ಜನಪ್ರಿಯ ನಾಯಕ ಖೈರಿ ಜಮಾಲುದ್ದೀನ್ ಅವರ ರೆಂಬಾವ್ ಕ್ಷೇತ್ರವನ್ನು ಅಮ್ನೊ ಉಪಾಧ್ಯಕ್ಷ ಮೊಹಮದ್ ಹಸನ್ ಅವರಿಗೆ ಕೊಟ್ಟು, ಖೈರಿಯವರನ್ನು ಸೆಲಂಗೋರ್‌ನ ಸುಂಗೈ ಬುಲೋಗೆ ಕಳುಹಿಸಲಾಯಿತು. ಅಲ್ಲಿ ಪಿಕೆಆರ್‌ನ ಆರ್.ರಮಣನ್ 2,693 ಮತಗಳಿಂದ ಅವರನ್ನು ಸೋಲಿಸಿದರು. ಎರಡು ತಿಂಗಳಲ್ಲಿ ಖೈರಿ ಪಕ್ಷದಿಂದಲೇ ಉಚ್ಚಾಟಿತರಾದರು. ರಮಣನ್ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಒಬ್ಬ ಸದಸ್ಯ, ಒಂದು ಮತ

ಅಭ್ಯರ್ಥಿಯನ್ನು ಆರಿಸುವ ಹಕ್ಕು ಸದಸ್ಯರಿಗಿಲ್ಲ ಎಂದಾದರೆ ಅಭ್ಯರ್ಥಿಯನ್ನು ಆರಿಸುವ ನಾಯಕನನ್ನು ಆರಿಸುವ ಹಕ್ಕಾದರೂ ಇದೆಯೇ? ಮಲೇಷ್ಯಾದ ಪ್ರೈಮರಿ ಎಂದು ಯಾವುದನ್ನಾದರೂ ಕರೆಯಬಹುದಾದರೆ ಅದು ಈ ಪಕ್ಷ ಚುನಾವಣೆಗಳು.

ಈ ವಿಷಯದಲ್ಲಿ ಪಿಕೆಆರ್ ಉಳಿದವರಿಗಿಂತ ಮುಂದೆ ಹೋಗಿತ್ತು. 2010ರಲ್ಲಿ ಅದು ‘ಒಬ್ಬ ಸದಸ್ಯ, ಒಂದು ಮತ’ ಪದ್ಧತಿ ತಂದಿತು. ಪ್ರತಿನಿಧಿಗಳ ಬದಲು ಸಾಮಾನ್ಯ ಸದಸ್ಯರೇ ನೇರವಾಗಿ ಪದಾಧಿಕಾರಿಗಳನ್ನು ಆರಿಸುವ ವ್ಯವಸ್ಥೆ. ಅಧ್ಯಕ್ಷ ಸ್ಥಾನ ಅನ್ವರ್ ಕುಟುಂಬದಲ್ಲೇ ಉಳಿಯುತ್ತಿದ್ದುದರಿಂದ ಜಗಳವೆಲ್ಲ ಎರಡನೇ ಸ್ಥಾನಕ್ಕೆ. 2018ರಲ್ಲಿ ಅಜ್ಮಿನ್ ಅಲಿ ಮತ್ತು ರಫೀಜಿ ರಮ್ಲಿ ನಡುವಿನ ಪೈಪೋಟಿಯಲ್ಲಿ ಅಜ್ಮಿನ್ ಸುಮಾರು 3 ಸಾವಿರ ಮತಗಳಿಂದ ಗೆದ್ದರು. ಗಾಯ ಮಾಯಲಿಲ್ಲ. 2020ರ ಫೆಬ್ರುವರಿಯಲ್ಲಿ ಅಜ್ಮಿನ್ ಬಣದ ಸಂಸದರು ಪಕ್ಷದಿಂದ ಹೊರನಡೆದರು, ಮಹತೀರ್ ಮೊಹಮದ್ ನೇತೃತ್ವದ ಸರ್ಕಾರ ಬಿತ್ತು. ನಮ್ಮಲ್ಲಿ 2019ರಲ್ಲಿ ಮೈತ್ರಿ ಸರ್ಕಾರ ಬಿದ್ದುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2022ರಲ್ಲಿ ರಫೀಜಿ ಮರಳಿ ಬಂದರು. ಎದುರಾಳಿ ಪಕ್ಷದ ಪ್ರಧಾನ ಕಾರ್ಯದರ್ಶಿ ಸೈಫುದ್ದೀನ್ ನಸುತಿಯೋನ್ ಇಸ್ಮಾಯಿಲ್. ರಫೀಜಿಗೆ 59,678 ಮತ, ಸೈಫುದ್ದೀನ್ ಅವರಿಗೆ 43,669. ಒಟ್ಟು 1.03 ಲಕ್ಷ ಸದಸ್ಯರು ಮತ ಹಾಕಿದ್ದರು.

2025ಕ್ಕೆ ನಿಯಮ ಬದಲಾಯಿತು. ಕೇಂದ್ರ ನಾಯಕತ್ವವನ್ನು ಎಲ್ಲ ಸದಸ್ಯರ ಬದಲು ಶಾಖೆಗಳಿಂದ ಆಯ್ಕೆಯಾದ ಪ್ರತಿನಿಧಿಗಳು ಆರಿಸುವಂತಾಯಿತು. ಶಾಖೆಗಳ ಮಟ್ಟದ ಚುನಾವಣೆಯಲ್ಲಿ ಹಲವು ಹಾಲಿ ಮುಖಂಡರು ಸೋತರು, ಎಲೆಕ್ಟ್ರಾನಿಕ್ ಮತದಾನದ ಬಗ್ಗೆ ದೂರುಗಳು ಕೇಳಿಬಂದವು. ಮೇ 23ರಂದು ಜೊಹೊರ್ ಬಾರುವಿನಲ್ಲಿ ನಡೆದ ಮತದಾನದಲ್ಲಿ ರಫೀಜಿ ಎದುರು ನಿಂತವರು ಪ್ರಧಾನಿಯ ಮಗಳು ನೂರುಲ್ ಇಜ್ಜಾ ಅನ್ವರ್. ಅವರಿಗೆ 9,803 ಮತ, ರಫೀಜಿಗೆ 3,866.

ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2022ರಲ್ಲಿ 1.03 ಲಕ್ಷ ಮತ, 2025ರಲ್ಲಿ ಎಲ್ಲ ಸೇರಿ 13,669. ಅದೇ ಪಕ್ಷ, ಅದೇ ಹುದ್ದೆ. ಮತ ಹಾಕಿದವರ ಸಂಖ್ಯೆ ಎಂಟರಲ್ಲಿ ಒಂದು ಪಾಲಿಗೆ ಇಳಿಯಿತು. ನೂರುಲ್ ಇಜ್ಜಾ ಅವರ ಗೆಲುವನ್ನು ಇದೊಂದೇ ವಿವರಿಸುವುದಿಲ್ಲ. 1998ರ ‘ರಿಫಾರ್ಮಸಿ’ ಚಳವಳಿಯ ದಿನಗಳಿಂದ ಬೀದಿಯಲ್ಲಿದ್ದವರು ಅವರು, ಮೂರು ಬಾರಿ ಸಂಸತ್ತಿಗೆ ಗೆದ್ದವರು. ಆದರೆ ನಾಲ್ಕು ದಶಕ ಕುಟುಂಬದ ಕೈಯಲ್ಲಿದ್ದ ಪೆರ್ಮಾತಾಂಗ್ ಪಾವ್ ಕ್ಷೇತ್ರವನ್ನು 2022ರಲ್ಲಿ ಪಾಸ್ ಪಕ್ಷಕ್ಕೆ ಸೋತಿದ್ದರು ಎಂಬುದೂ ನಿಜ. ಸಾರ್ವಜನಿಕರ ಮತ ಒಂದು, ಪಕ್ಷದ ಪ್ರತಿನಿಧಿಗಳ ಮತ ಇನ್ನೊಂದು. ಮಂಗಳೂರಿನ 2014ರ ಪಾಠವೂ ಇದೇ ಆಗಿತ್ತು: ಒಳಗಿನ ಮತಪೆಟ್ಟಿಗೆ ಗೆದ್ದವರು ಹೊರಗಿನದನ್ನು ಗೆಲ್ಲುತ್ತಾರೆ ಎಂದಿಲ್ಲ.

ಐದು ದಿನಗಳ ಬಳಿಕ ಆರ್ಥಿಕ ಸಚಿವರಾಗಿದ್ದ ರಫೀಜಿ ರಾಜೀನಾಮೆ ಘೋಷಿಸಿದರು. ಪಕ್ಷದ ಉಪಾಧ್ಯಕ್ಷ ಸ್ಥಾನಗಳ ಸ್ಪರ್ಧೆಯಲ್ಲಿ ಸೋತ ಪರಿಸರ ಸಚಿವ ನಿಕ್ ನಜ್ಮಿ ಅವರೂ ಹಿಂಬಾಲಿಸಿದರು. ದೇಶದ ಮತದಾರ ಒಂದೂ ಮತ ಹಾಕದೆ ಸಂಪುಟದ ಎರಡು ಕುರ್ಚಿ ಖಾಲಿಯಾದವು.

ಉಳಿದ ಪಕ್ಷಗಳಲ್ಲಿ

ಡಿಎಪಿ ಪದ್ಧತಿ ಬೇರೆ. ಅಲ್ಲಿ ಪ್ರತಿನಿಧಿಗಳು ನೇರವಾಗಿ ಅಧ್ಯಕ್ಷರನ್ನು ಆರಿಸುವುದಿಲ್ಲ. 30 ಜನರ ಕೇಂದ್ರ ಕಾರ್ಯಕಾರಿ ಸಮಿತಿಯನ್ನು ಆರಿಸುತ್ತಾರೆ, ಆ 30 ಜನ ತಮ್ಮೊಳಗೆ ಹುದ್ದೆ ಹಂಚಿಕೊಳ್ಳುತ್ತಾರೆ. 2025ರ ಮಾರ್ಚ್ 16ರಂದು ಶಾ ಆಲಂನಲ್ಲಿ ನಡೆದ ಚುನಾವಣೆಯಲ್ಲಿ ಗೋಬಿಂದ್ ಸಿಂಗ್ ದೇವ್ ಮೊದಲಿಗರಾಗಿ ಬಂದು ಪಕ್ಷದ ಅಧ್ಯಕ್ಷರಾದರು. ಹಲವು ವರ್ಷ ಪಕ್ಷ ಆಳಿದ, ಮಾಜಿ ಹಣಕಾಸು ಸಚಿವ ಲಿಂ ಗುವಾನ್ ಎಂಗ್ 26ನೇ ಸ್ಥಾನಕ್ಕೆ ಕುಸಿದರು. ಅವರು ಈಗ ಸಲಹೆಗಾರರು. ಪಂಜಾಬಿ ಮೂಲದ ವಕೀಲರೊಬ್ಬರು ಚೀನೀ ಮೂಲದವರೇ ಬಹುಪಾಲು ಇರುವ ಪಕ್ಷದಲ್ಲಿ ಅಗ್ರರಾದರೆಂಬುದು ಇಲ್ಲಿನ ಭಾರತೀಯರ ನಡುವೆ ಬಹಳ ದಿನ ಚರ್ಚೆಯಾಯಿತು.

ಅಮ್ನೊ 2013ರಲ್ಲಿ ಮತದಾನದ ಹಕ್ಕನ್ನು ಸುಮಾರು 2,500 ಪ್ರತಿನಿಧಿಗಳಿಂದ 1.46 ಲಕ್ಷ ಮಂದಿಗೆ ವಿಸ್ತರಿಸಿತ್ತು. ಹಣ ಹಂಚಿ ಮತ ಕೊಳ್ಳುವುದನ್ನು ಕಷ್ಟವಾಗಿಸುವುದು ಉದ್ದೇಶ. ಹತ್ತು ವರ್ಷದ ನಂತರ, 2023ರ ಜನವರಿಯಲ್ಲಿ ಅದೇ ಪಕ್ಷದ ಮಹಾಸಭೆ ಅಧ್ಯಕ್ಷ ಮತ್ತು ಉಪ ಅಧ್ಯಕ್ಷ ಸ್ಥಾನಗಳಿಗೆ ಸ್ಪರ್ಧೆಯೇ ಬೇಡ ಎಂದು ನಿರ್ಣಯಿಸಿತು. ಬಾಗಿಲು ಅಗಲ ಮಾಡಿ, ಮುಖ್ಯ ಕೋಣೆಗೆ ಬೀಗ ಹಾಕಿದಂತಾಯಿತು.

1946ರಲ್ಲಿ ಹುಟ್ಟಿದ ಮಲೇಷ್ಯನ್ ಇಂಡಿಯನ್ ಕಾಂಗ್ರೆಸ್, ಎಂಐಸಿ, ಈಗ ಬಹಳ ಸೊರಗಿದೆ. 2022ರಲ್ಲಿ ಗೆದ್ದದ್ದು ತಾಪಾ ಒಂದೇ, ಮಾಜಿ ಮಾನವ ಸಂಪನ್ಮೂಲ ಸಚಿವ ಎಂ.ಸರವಣನ್ ಅವರಿಂದ. ಅಮ್ನೊ ಬಿಟ್ಟುಕೊಟ್ಟ ಕ್ಷೇತ್ರಗಳಲ್ಲಷ್ಟೇ ಅದು ನಿಲ್ಲಬಲ್ಲದು. 2024ರಲ್ಲಿ ಬಿಜೆಪಿ ಜತೆಗಿನ ಹೊಂದಾಣಿಕೆಯಲ್ಲಿ ಜೆಡಿಎಸ್‌ಗೆ ಮೂರೇ ಲೋಕಸಭಾ ಕ್ಷೇತ್ರ ಸಿಕ್ಕಿದ್ದನ್ನು ನೆನಪಿಸಿಕೊಂಡರೆ ಚಿಕ್ಕ ಪಾಲುದಾರನ ಸಂಕಟ ತಿಳಿಯುತ್ತದೆ.

ಮತಪತ್ರದಲ್ಲಿ ಏನಿರುತ್ತದೆ?

ಮಲೇಷ್ಯಾದ ಪೌರತ್ವ ಪಡೆದ, ಅಥವಾ ಇಲ್ಲೇ ಹುಟ್ಟಿ ಬೆಳೆದ ಕನ್ನಡ ಮನೆಗಳ ಮಕ್ಕಳು ಈಗ ಮತದಾರರು. 2019ರ ಸಂವಿಧಾನ ತಿದ್ದುಪಡಿಯಂತೆ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು, ನೋಂದಣಿ ತಾನಾಗಿಯೇ ಆಗುತ್ತದೆ. 2021ರ ಡಿಸೆಂಬರ್ 15ರಿಂದ ಇದು ಜಾರಿಯಲ್ಲಿದೆ. ಪರಿಣಾಮ, 2022ರಲ್ಲಿ ಮತದಾರರ ಸಂಖ್ಯೆ 2.1 ಕೋಟಿ ದಾಟಿತು. ಹೆಸರು ಯಾವ ಕ್ಷೇತ್ರದಲ್ಲಿದೆ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಗುರುತಿನ ಚೀಟಿ ‘ಮೈಕಾಡ್’ನಲ್ಲಿರುವ ವಿಳಾಸದಂತೆ ಹೆಸರು ಸೇರಿರುತ್ತದೆ. ಪೆನಾಂಗ್‌ನಲ್ಲಿ ಓದಿ ಕ್ವಾಲಾಲಂಪುರದಲ್ಲಿ ಕೆಲಸಕ್ಕಿರುವ ಹುಡುಗನ ಮತ ಪೆನಾಂಗ್‌ನಲ್ಲೇ ಉಳಿದಿರಬಹುದು.

222 ಸಂಸತ್ ಸ್ಥಾನಗಳಿಗೆ 2022ರಲ್ಲಿ ನಿಂತವರು 945 ಮಂದಿ. ಸಂಸತ್ ಅಭ್ಯರ್ಥಿಯ ಠೇವಣಿ 10 ಸಾವಿರ ರಿಂಗಿಟ್, ರೂಪಾಯಿ ಲೆಕ್ಕದಲ್ಲಿ 2 ಲಕ್ಷದ ಆಸುಪಾಸು. ಭಾರತದಲ್ಲಿ ಲೋಕಸಭೆಗೆ ಇದು 25 ಸಾವಿರ ರೂಪಾಯಿ. ಚಲಾವಣೆಯಾದ ಮತಗಳ ಎಂಟನೇ ಒಂದು ಭಾಗ ಬಾರದಿದ್ದರೆ ಇಲ್ಲಿ ಠೇವಣಿ ಹೋಗುತ್ತದೆ, ನಮ್ಮಲ್ಲಿ ಆರನೇ ಒಂದು ಭಾಗ.

ಮತಪತ್ರದಲ್ಲಿ ಗಮನಿಸಬೇಕಾದ್ದು ಚಿಹ್ನೆ. ಅನೇಕ ಕಡೆ ಅದು ಪಕ್ಷದ್ದಲ್ಲ, ಮೈತ್ರಿಕೂಟದ್ದು. ತಕ್ಕಡಿ ಕಂಡರೆ ಬಾರಿಸಾನ್ ನ್ಯಾಷನಲ್; ಅಭ್ಯರ್ಥಿ ಅಮ್ನೊದವರೋ ಎಂಐಸಿಯವರೋ ಎಂಬುದು ತಕ್ಕಡಿಯಿಂದ ತಿಳಿಯುವುದಿಲ್ಲ. ಹೆಸರು ಓದಿಕೊಂಡು ಹೋಗಬೇಕು. 2022ರ ಅಕ್ಟೋಬರ್‌ನಿಂದ ಪಕ್ಷಾಂತರ ನಿಷೇಧ ನಿಯಮವೂ ಜಾರಿಯಲ್ಲಿದೆ. ಗೆದ್ದ ಮೇಲೆ ತಾವಾಗಿ ಪಕ್ಷ ಬಿಟ್ಟವರು ಸ್ಥಾನ ಕಳೆದುಕೊಳ್ಳುತ್ತಾರೆ. ಇದರಿಂದ ವತೀಕಾ ಕೊಡುವ ಕೈಗೆ ಬಲ ಇನ್ನಷ್ಟು ಹೆಚ್ಚಿದೆ ಎಂಬುದು ನಾಣ್ಯದ ಇನ್ನೊಂದು ಮುಖ.

ನಮ್ಮ ಮನೆಗೆ ಏನು?

ಈಗ ಮೊದಲಿನ ಪ್ರಶ್ನೆಗೆ ಬರೋಣ. 2022ರಲ್ಲಿ ರಫೀಜಿ ಎದುರು ಸೋತ ಸೈಫುದ್ದೀನ್ ಅದೇ ವರ್ಷ ನವೆಂಬರ್‌ನಲ್ಲಿ ಸ್ವಂತ ಸಂಸತ್ ಕ್ಷೇತ್ರವನ್ನೂ ಸೋತರು. ಆದರೂ ಅನ್ವರ್ ಅವರನ್ನು ಸೆನೆಟ್ ಮೂಲಕ ತಂದು ಗೃಹ ಸಚಿವರನ್ನಾಗಿ ಮಾಡಿದರು. ವಲಸೆ ಇಲಾಖೆ ಬರುವುದು ಆ ಸಚಿವಾಲಯದ ಅಡಿಯಲ್ಲಿ. ಗೆದ್ದ ರಫೀಜಿ ಇಂದು ಸಂಪುಟದಲ್ಲಿಲ್ಲ. ಒಳಚುನಾವಣೆಯ ಗೆಲುವು ಒಂದು ಏಣಿ, ನಾಯಕನ ವಿಶ್ವಾಸ ಇನ್ನೊಂದು. ಎರಡನೆಯದು ಹೆಚ್ಚು ಗಟ್ಟಿ ಎಂಬುದನ್ನು ಈ ಇಬ್ಬರ ಕಥೆ ಹೇಳುತ್ತದೆ.

ಎರಡೂ ಏಣಿ ಹತ್ತಿದವರು ರಮಣನ್. ಹಿಂದೆ ಎಂಐಸಿಯಲ್ಲಿದ್ದ ಅವರು 2022ರಲ್ಲಿ ಸುಂಗೈ ಬುಲೋ ಗೆದ್ದರು, 2025ರ ಮೇ ತಿಂಗಳಲ್ಲಿ ಪಿಕೆಆರ್‌ನ ಉಪಾಧ್ಯಕ್ಷರಲ್ಲಿ ಒಬ್ಬರಾದರು, ಡಿಸೆಂಬರ್‌ನ ಸಂಪುಟ ಪುನಾರಚನೆಯಲ್ಲಿ ಮಾನವ ಸಂಪನ್ಮೂಲ ಸಚಿವರಾದರು. ನಮ್ಮ ದುಡಿಯುವ ಜನರ ಸಂಬಳ, ಸುರಕ್ಷತೆ, ದೂರುಗಳ ಖಾತೆ ಅದು. 2025ರ ಫೆಬ್ರುವರಿಯಿಂದ ಕನಿಷ್ಠ ವೇತನ ತಿಂಗಳಿಗೆ 1,700 ರಿಂಗಿಟ್ ಆಗಿದೆ. ಅದೇ ವರ್ಷದ ಅಕ್ಟೋಬರ್ ಸಂಬಳದಿಂದ ವಿದೇಶಿ ನೌಕರರಿಗೂ ಭವಿಷ್ಯ ನಿಧಿ ಕಡ್ಡಾಯವಾಗಿ, ನೌಕರನಿಂದ ಶೇ 2, ಮಾಲೀಕನಿಂದ ಶೇ 2 ಜಮೆಯಾಗುತ್ತಿದೆ. ಸಂಬಳದ ಚೀಟಿಯಲ್ಲಿ ಇವೆರಡೂ ಇವೆಯೇ ಎಂದು ಮಗನನ್ನೋ ಗಂಡನನ್ನೋ ಒಮ್ಮೆ ಕೇಳಿ. 2024ರ ಆಗಸ್ಟ್‌ನಲ್ಲಿ ಅನ್ವರ್ ದೆಹಲಿಗೆ ಬಂದಾಗ ಕಾರ್ಮಿಕರ ನೇಮಕಾತಿ, ಉದ್ಯೋಗ ಮತ್ತು ವಾಪಸಾತಿ ಕುರಿತು ಎರಡೂ ದೇಶಗಳ ನಡುವೆ ಒಪ್ಪಂದವಾಗಿದೆ. ಸಚಿವರು ಬದಲಾದರೂ ಇವು ಬದಲಾಗಿಲ್ಲ.

ಈ ಕೊನೆಯ ಮಾತನ್ನು ಊರಿನಲ್ಲಿರುವವರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಪ್ರತಿ ರಾಜಕೀಯ ಬದಲಾವಣೆಯ ಬೆನ್ನಿಗೆ ‘ಹೊಸ ಮಂತ್ರಿ ಬಂದಿದ್ದಾರೆ, ಹೊಸ ಕೋಟಾ ತೆರೆದಿದೆ, ಈಗಲೇ ಮುಂಗಡ ಕೊಟ್ಟರೆ ಪರ್ಮಿಟ್’ ಎನ್ನುವ ದಲ್ಲಾಳಿಗಳ ಮಾತು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವುದುಂಟು. ಪಕ್ಷದ ಒಳಚುನಾವಣೆಯಲ್ಲಿ ಯಾರು ಗೆದ್ದರೂ ಮರುದಿನ ಪರ್ಮಿಟ್ ನಿಯಮ ಬದಲಾಗುವುದಿಲ್ಲ. ವೀಸಾ ವಿನಾಯಿತಿಯಲ್ಲಿ ಬಂದವರು ನೆಂಟರನ್ನು ನೋಡಬಹುದು, ಕೆಲಸ ಮಾಡುವಂತಿಲ್ಲ. ನಾಯಕರ ಫೋಟೊ ತೋರಿಸಿ ಹಣ ಕೇಳುವವರಿಗೆ ಒಡವೆ ಅಡವಿಟ್ಟು ಕೊಡಬೇಡಿ.

ಉದ್ಯೋಗಕ್ಕಾಗಿ ಇಲ್ಲಿರುವ ಭಾರತೀಯ ಪ್ರಜೆಗಳು ಇಲ್ಲಿನ ಯಾವ ಪಕ್ಷದ ಸಭೆ, ಮೆರವಣಿಗೆಗೂ ಹೋಗದಿರುವುದು ಕ್ಷೇಮ. ಅವರ ಮತ ಇರುವುದು ಊರಿನಲ್ಲಿ. ಬೇರೆ ದೇಶದ ಪೌರತ್ವ ಪಡೆಯದವರು ನಮೂನೆ 6ಎ ತುಂಬಿ, ಪಾಸ್‌ಪೋರ್ಟ್‌ನಲ್ಲಿರುವ ಊರಿನ ವಿಳಾಸದ ಮತದಾರರ ಪಟ್ಟಿಗೆ ಸಾಗರೋತ್ತರ ಮತದಾರರಾಗಿ ಸೇರಬಹುದು. 2011ರಿಂದ ಈ ಅವಕಾಶವಿದೆ. ಮತ ಹಾಕಲು ಮಾತ್ರ ಅಸಲು ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಬರಬೇಕು.

ಇಲ್ಲಿನ ಮತದಾರ ನಾಮಪತ್ರದ ದಿನದವರೆಗೆ ಕಾಯುತ್ತಾನೆ, ವತೀಕಾ ಯಾರಿಗೆ ಎಂದು. ಅಲ್ಲಿನ ಮತದಾರ ಬಿ ಫಾರಂಗೆ ಕಾಯುತ್ತಾನೆ. ಇಬ್ಬರ ಮುಂದೆಯೂ ಬರುವುದು ಬೇರೆಯವರು ಆರಿಸಿಟ್ಟ ಹೆಸರುಗಳ ಪಟ್ಟಿ. ಆ ಪಟ್ಟಿ ಹೇಗೆ ತಯಾರಾಯಿತು ಎಂದು ತಿಳಿದಿದ್ದರೆ, ಅದರಲ್ಲಿ ಯಾರನ್ನು ನಂಬಬೇಕು ಎಂಬುದು ಸ್ವಲ್ಪವಾದರೂ ಸುಲಭವಾದೀತು.